ಬುದ್ಯಂತನ ಗದ್ದೆ

'ಹಿತಾಸಕ್ತಿ ಸಂಘರ್ಷ' ಎನ್ನುವುದು ಪತ್ರಿಕೆಗಳ ಕನ್ನಡ. ಸಂಪಾದಕೀಯಗಳಲ್ಲಿ, ಕೋರ್ಟಿನ ವರದಿಗಳಲ್ಲಿ ಓದಿ ಓದಿ ನಮಗೆ ಅದು ಅಭ್ಯಾಸವಾಗಿದೆ. ಆದರೆ ಬಂಟ್ವಾಳ ತಾಲೂಕಿನ ವಾಮದಪದವಿನ ಪೇಟೆಯಲ್ಲಿ ಬಸ್ಸಿಗೆ ಕಾಯುತ್ತ ನಿಂತವರು ಯಾರೂ ಆ ಮಾತನ್ನು ಆಡುವುದಿಲ್ಲ. ನಮ್ಮ ಕಡೆ ಹೇಳುವುದು, 'ಅವರಿಗೂ ಅದರಲ್ಲಿ ಪಾಲುಂಟು' ಎಂದು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಊರಿನ ಮಾತೇ ಹೆಚ್ಚು ಖಚಿತ ಅನ್ನಿಸುತ್ತದೆ. ಸಂಘರ್ಷ ಎಂದರೆ ಎರಡು ಶಕ್ತಿಗಳ ತಿಕ್ಕಾಟ. ಅಧಿಕಾರದಲ್ಲಿರುವವನ ಒಳಗೆ ಸಾರ್ವಜನಿಕ ಕರ್ತವ್ಯಕ್ಕೂ ಸ್ವಂತ ಲಾಭಕ್ಕೂ ನಿಜವಾದ ತಿಕ್ಕಾಟ ನಡೆಯುತ್ತಿದ್ದರೆ ನಾವು ಅಷ್ಟು ಹೆದರಬೇಕಾಗಿಲ್ಲ. ಅಂಥವನಿಗೆ ಕನಿಷ್ಠ ಪಕ್ಷ ನಿದ್ದೆಯಾದರೂ ಕೆಡುತ್ತದೆ. ಹೆದರಬೇಕಾದದ್ದು ಅವೆರಡೂ ಜಗಳವೇ ಇಲ್ಲದೆ ರಾಜಿಯಾದಾಗ. ಆಗ ಮಾಡುತ್ತಿರುವುದು ಊರಿನ ಕೆಲಸವೋ ತನ್ನ ಕೆಲಸವೋ ಎಂಬುದು ಅವನಿಗೇ ತಿಳಿಯುವುದಿಲ್ಲ.

ನಮ್ಮ ಸಾಹಿತ್ಯ ಈ ವಿಷಯವನ್ನು ಹೇಗೆ ಕಂಡಿದೆ ಎಂದು ಕೇಳಿಕೊಂಡಾಗ ನನಗೆ ಒಂದು ವಿಚಿತ್ರ ಕಾಣಿಸಿತು. ಭ್ರಷ್ಟರ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ಲಂಚ ತಿನ್ನುವ ಗುಮಾಸ್ತ, ಜಮೀನು ನುಂಗುವ ಶಾನುಭೋಗ, ಮಾತು ಮಾರುವ ರಾಜಕಾರಣಿ ಎಲ್ಲರೂ ನಮ್ಮ ಕಥೆ ಕಾದಂಬರಿಗಳಲ್ಲಿದ್ದಾರೆ. ಓದುವಾಗ ನಾವು ಕೇಳುವ ಪ್ರಶ್ನೆ ಒಂದೇ: ಈತ ಒಳ್ಳೆಯವನೋ ಕೆಟ್ಟವನೋ? ಆ ಪ್ರಶ್ನೆಯ ಹಿಂದೆ ಇನ್ನೊಂದು ಪ್ರಶ್ನೆ ಮರೆಯಾಗಿಬಿಡುತ್ತದೆ: ಈತ ಕೂತಿರುವುದು ಎಲ್ಲಿ? ಹಿತಾಸಕ್ತಿಯ ವಿಚಾರ ಮನುಷ್ಯನ ಗುಣದ ವಿಚಾರಕ್ಕಿಂತ ಅವನು ಕೂತ ಜಾಗದ ವಿಚಾರ. ಇದನ್ನು ಹಿಡಿಯದೆ ಬರೆದ ಕಾನೂನು ಹೇಗೆ ಸೋಲುತ್ತದೋ, ಇದನ್ನು ಹಿಡಿಯದ ಓದು ಕೂಡ ಹಾಗೆಯೇ ಸೋಲುತ್ತದೆ ಎಂಬುದು ನನ್ನ ವಾದ. ಅದಕ್ಕೆ ಒಂದು ಪಾಡ್ದನ, ಒಂದು ನಾಟಕ, ಒಂದು ತೀರ್ಪು, ಮೂರನ್ನೂ ಸಾಹಿತ್ಯವೆಂದೇ ಓದುತ್ತೇನೆ.

ಪಾಡ್ದನ ಕೋಟಿ ಚೆನ್ನಯರದ್ದು. ಬರ್ನೆಲ್ ಸಂಗ್ರಹಿಸಿದ ಪಾಠ 1890ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಅಚ್ಚಾಯಿತು. ಬಂಟ್ವಾಳದಲ್ಲೇ ಹುಟ್ಟಿದ ಪಂಜೆ ಮಂಗೇಶರಾಯರು ಅದನ್ನು ಕನ್ನಡದ ಓದುಗರಿಗೆ ಕಥೆಯಾಗಿ ಕೊಟ್ಟರು. ಗರಡಿಗಳಲ್ಲಿ, ನಾಟಿಯ ಗದ್ದೆಗಳಲ್ಲಿ ಹಾಡಿಕೊಂಡು ಬಂದ ಪಾಠಗಳು ಹಲವು, ವಿವರಗಳು ಪಾಠದಿಂದ ಪಾಠಕ್ಕೆ ಬದಲಾಗುತ್ತವೆ. ಕಥೆಯ ಬೆನ್ನೆಲುಬು ಮಾತ್ರ ಒಂದೇ. ಪಡುಮಲೆಯ ಬಲ್ಲಾಳನ ಕಾಲಿಗೆ ಮುಳ್ಳು ಚುಚ್ಚಿ ಪ್ರಾಣಕ್ಕೆ ಬಂದಾಗ ತುಂಬು ಗರ್ಭಿಣಿ ದೇಯಿ ಬೈದ್ಯೆತಿ ಮದ್ದು ಮಾಡಿ ಉಳಿಸುತ್ತಾಳೆ. ಬಲ್ಲಾಳ ಮಾತು ಕೊಡುತ್ತಾನೆ. ಆಕೆ ಅವಳಿ ಮಕ್ಕಳನ್ನು ಹೆತ್ತು ತೀರಿಕೊಳ್ಳುತ್ತಾಳೆ. ಮಕ್ಕಳು ಬೆಳೆದು ದೊಡ್ಡವರಾಗಿ ಗದ್ದೆ ಮಾಡುತ್ತಾರೆ. ಅವರ ಗದ್ದೆಯ ಪಕ್ಕದಲ್ಲೇ ಬಲ್ಲಾಳನ ಮಂತ್ರಿ ಬುದ್ಯಂತನ ಗದ್ದೆ. ಉಳುಮೆಯ ದಿನದ ವಿಷಯಕ್ಕೆ, ಆಮೇಲೆ ನೀರಿನ ವಿಷಯಕ್ಕೆ ಜಗಳ ಬೆಳೆದು ಬುದ್ಯಂತ ಹೆಣವಾಗುತ್ತಾನೆ. ಅಲ್ಲಿಂದ ಮುಂದೆ ಇಡೀ ಕಥೆ ಪಡುಮಲೆಯನ್ನು ಬಿಟ್ಟು ಪಂಜ, ಎಣ್ಮೂರುಗಳ ಕಡೆಗೆ, ಸಾವಿನ ಕಡೆಗೆ ಸಾಗುತ್ತದೆ.

ಬುದ್ಯಂತ ಎನ್ನುವುದು ಹುದ್ದೆಯ ಹೆಸರು. ಬುದ್ಧಿವಂತ, ಬಲ್ಲಾಳನಿಗೆ ಬುದ್ಧಿ ಹೇಳುವವನು. ನಾವು ಸಾಮಾನ್ಯವಾಗಿ ಅವನನ್ನು ಖಳನೆಂದು ಓದುತ್ತೇವೆ. ಯಕ್ಷಗಾನದ ಬಣ್ಣದಲ್ಲಿ, ನಾಟಕದ ಮೀಸೆಯಲ್ಲಿ ಅವನು ಖಳನೇ. ಅವನನ್ನು ಖಳನೆಂದು ಒಪ್ಪಿಕೊಂಡ ಕೂಡಲೇ ಕಥೆ ಚಿಕ್ಕದಾಗುತ್ತದೆ. ಮಂತ್ರಿಯ ಸ್ಥಾನದಲ್ಲಿ ಒಬ್ಬ ಒಳ್ಳೆಯವನಿದ್ದಿದ್ದರೆ ಕೋಟಿ ಚೆನ್ನಯರು ಪಡುಮಲೆಯಲ್ಲೇ ಬೇಸಾಯ ಮಾಡಿಕೊಂಡು ಮುದುಕರಾಗುತ್ತಿದ್ದರು ಎಂದಷ್ಟೇ ಆಗುತ್ತದೆ. ಪಾಡ್ದನ ಅಷ್ಟು ಸರಳವಾಗಿ ಯೋಚಿಸಿಲ್ಲ. ಅದು ಬುದ್ಯಂತನ ಗುಣ ವರ್ಣಿಸುವುದಕ್ಕಿಂತ ಹೆಚ್ಚಾಗಿ ಅವನ ಗದ್ದೆ ಎಲ್ಲಿದೆ ಎಂಬುದನ್ನು ನಮಗೆ ತೋರಿಸುತ್ತದೆ. ಕಟ್ಟಹುಣಿಯ ಆಚೆ ಒಕ್ಕಲು, ಈಚೆ ಮಂತ್ರಿ. ನೀರು ಹರಿಯಬೇಕಾದದ್ದು ಒಬ್ಬರ ಗದ್ದೆಯಿಂದ ಇನ್ನೊಬ್ಬರ ಗದ್ದೆಗೆ. ಬೇಸಾಯ ಗೊತ್ತಿದ್ದ ಯಾರಿಗೇ ಆಗಲಿ ಇಷ್ಟು ಹೇಳಿದರೆ ಸಾಕು, ಮುಂದೆ ಏನಾಗಬಹುದು ಎಂಬುದು ಹೊಳೆಯುತ್ತದೆ.

ನೀರಿನ ಜಗಳ ಹಳ್ಳಿಯಲ್ಲಿ ಹೊಸದಲ್ಲ. ಸಾಮಾನ್ಯ ನೆರೆಯವನೊಬ್ಬ ನೀರು ತಡೆದರೆ ಹೋಗಿ ಬಲ್ಲಾಳನ ಬೀಡಿನಲ್ಲಿ ದೂರು ಕೊಡಬಹುದು. ಬುದ್ಯಂತನೇ ತಡೆದರೆ ಯಾರಿಗೆ ದೂರು ಕೊಡುವುದು? ಬಲ್ಲಾಳನ ಕಿವಿಯ ಬಳಿ ಕೂತವನು ಅವನೇ. ನೆರೆಯವನಾಗಿ ಅವನು ಮಾಡಿದ್ದು ಸಣ್ಣ ತಪ್ಪು, ಯಾವ ಊರಿನಲ್ಲೂ ಆಗುವಂಥದ್ದು. ಆ ಸಣ್ಣ ತಪ್ಪನ್ನು ದೊಡ್ಡದು ಮಾಡಿದ್ದು ಅವನ ಹುದ್ದೆ. ಅದು ತಪ್ಪನ್ನು ತಿದ್ದುವ ದಾರಿಯನ್ನೇ ಮುಚ್ಚಿತು. ನನ್ನ ಓದಿನಲ್ಲಿ ಚೆನ್ನಯನ ಸಿಟ್ಟು ಬಿಸಿರಕ್ತದ ಸಿಟ್ಟು ಮಾತ್ರವಲ್ಲ, ದೂರು ಕೊಡಲು ಬಾಗಿಲಿಲ್ಲದವನ ಸಿಟ್ಟು. ಹಿತಾಸಕ್ತಿಯನ್ನು ನಿಯಂತ್ರಿಸದ ಆಡಳಿತ ಕೊನೆಗೆ ತರುವುದು ಭ್ರಷ್ಟಾಚಾರಕ್ಕಿಂತ ಮೊದಲು ಹಿಂಸೆಯನ್ನು ಎಂಬುದು ಈ ಕಥೆಯಲ್ಲಿ ನಾನು ಕಂಡ ಎಚ್ಚರಿಕೆ. ತಪ್ಪು ಬಲ್ಲಾಳನದೂ ಹೌದು. ಮಂತ್ರಿಯ ಗದ್ದೆಯ ಪಕ್ಕದಲ್ಲಿ ಜಗಳವಾದರೆ ಅದನ್ನು ಮಂತ್ರಿಯನ್ನು ಬಿಟ್ಟು ತಾನೇ ವಿಚಾರಿಸುತ್ತೇನೆ ಎಂಬ ಒಂದು ಪದ್ಧತಿಯನ್ನು ಅವನು ಇಟ್ಟುಕೊಂಡಿರಲಿಲ್ಲ.

ಹಾಗೆಂದು ತುಳುನಾಡಿಗೆ ವ್ಯಕ್ತಿಯನ್ನೂ ಸ್ಥಾನವನ್ನೂ ಬೇರೆ ಮಾಡಿ ನೋಡಲು ಬರುತ್ತಿರಲಿಲ್ಲ ಎನ್ನುವಂತಿಲ್ಲ. ಕೋಲ, ನೇಮಗಳಲ್ಲಿ ನಡೆಯುವುದು ಅದೇ. ದೈವಕ್ಕೆ ಕಟ್ಟುವವನು ಪರವನೋ ಪಂಬದನೋ ನಲಿಕೆಯವನೋ ಆಗಿರುತ್ತಾನೆ. ಗುತ್ತಿನ ಮನೆಯ ಹಂಗಿನಲ್ಲಿ ಬದುಕಿದ ಸಮುದಾಯದವನು. ಅವನು ಆ ರಾತ್ರಿ ಅದೇ ಗುತ್ತಿನ ಯಜಮಾನನನ್ನು ಎದುರಿಗೆ ನಿಲ್ಲಿಸಿ ತಪ್ಪು ಕೇಳಬೇಕು. ಇದಕ್ಕಿಂತ ದೊಡ್ಡ ಹಿತಾಸಕ್ತಿ ತೊಡಕು ಇನ್ನೇನಿದೆ? ನ್ಯಾಯ ಹೇಳುವವನ ಅನ್ನ ಕಕ್ಷಿದಾರನ ಕೈಯಲ್ಲಿದೆ. ಅದಕ್ಕಾಗಿಯೇ ಇರಬೇಕು, ಅಷ್ಟು ವಿಸ್ತಾರವಾದ ಕ್ರಮಗಳು. ಎಣ್ಣೆಬೂಳ್ಯ ಕೊಡಬೇಕು, ಮಿಂದು ಬರಬೇಕು, ಮುಖಕ್ಕೆ ಅರದಾಳ ಬಳಿಯಬೇಕು, ಅಣಿ ಕಟ್ಟಬೇಕು, ಗಗ್ಗರ ಏರಬೇಕು. ಒಂದೊಂದು ಹೆಜ್ಜೆಗೂ ನಿನ್ನೆಯ ಮನುಷ್ಯ ಸ್ವಲ್ಪ ಸ್ವಲ್ಪವೇ ಹಿಂದೆ ಸರಿದು ಸ್ಥಾನ ಮುಂದೆ ಬರುತ್ತದೆ. ಗಗ್ಗರ ಕಟ್ಟಿದ ಮೇಲೆ ಯಜಮಾನನೂ ಕೈಮುಗಿದು ನಿಲ್ಲುತ್ತಾನೆ.

ಇದನ್ನು ನಾನು ಆದರ್ಶವೆಂದು ಹೇಳುತ್ತಿಲ್ಲ. ಬೆಳಗಾದರೆ ಅಣಿ ಇಳಿಯುತ್ತದೆ, ಅದೇ ಅಂಗಳದಲ್ಲಿ ಅದೇ ಮನುಷ್ಯ ತನ್ನ ಪಾಲಿನ ಅಕ್ಕಿ ತೆಂಗಿನಕಾಯಿಗೆ ಕಾಯಬೇಕು. ಒಂದು ರಾತ್ರಿಯ ಬೇರ್ಪಡೆ ವರ್ಷದ ಹಂಗನ್ನು ಅಳಿಸುವುದಿಲ್ಲ; ಯಜಮಾನನಿಗೆ ಬೇಡವಾದ ಮಾತನ್ನು ದೈವ ಎಷ್ಟು ಸಲ ಆಡಿದೆ ಎಂಬುದು ಕೇಳಬೇಕಾದ ಪ್ರಶ್ನೆಯೇ. ಆದರೂ ಒಂದು ತಿಳಿವಳಿಕೆ ಅಲ್ಲಿದೆ. ಸ್ಥಾನಕ್ಕೆ ಏರುವ ಮೊದಲು ಎಲ್ಲರೂ ನೋಡುವ ಹಾಗೆ ಏನನ್ನೋ ಕಳಚಬೇಕು ಎಂಬ ತಿಳಿವಳಿಕೆ. ನಮ್ಮ ಸಚಿವರು ಪ್ರಮಾಣವಚನ ತೆಗೆದುಕೊಳ್ಳುವಾಗ ಆಡುವ ಮಾತಿನಲ್ಲಿ ಭಯ, ಪಕ್ಷಪಾತ, ರಾಗ, ದ್ವೇಷಗಳಿಲ್ಲದೆ ನಡೆಯುತ್ತೇನೆ ಎಂಬ ಅರ್ಥವೇನೋ ಬರುತ್ತದೆ. ಏನನ್ನು ಕಳಚಿ ಬಂದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಗಿರೀಶ ಕಾರ್ನಾಡರ 'ತುಘಲಕ್' 1964ರ ನಾಟಕ. ತರಗತಿಗಳಲ್ಲಿ ಅದನ್ನು ಆದರ್ಶವಾದಿ ದೊರೆಯ ದುರಂತವೆಂದು, ನೆಹರೂ ಯುಗದ ಭ್ರಮನಿರಸನವೆಂದು ಓದಿಸುತ್ತಾರೆ. ಅದರ ಮೊದಲ ದೃಶ್ಯವನ್ನು ನಾನು ಹಿತಾಸಕ್ತಿಯ ದೃಶ್ಯವೆಂದು ಓದುತ್ತೇನೆ. ತನ್ನ ಮೇಲೆ ಯಾರು ಬೇಕಾದರೂ ದಾವೆ ಹೂಡಬಹುದು ಎಂದು ಸುಲ್ತಾನ ಸಾರಿದ್ದಾನೆ. ವಿಷ್ಣುಪ್ರಸಾದನೆಂಬ ಬ್ರಾಹ್ಮಣ ತನ್ನ ಜಮೀನನ್ನು ಸರಕಾರ ಅನ್ಯಾಯವಾಗಿ ವಶಪಡಿಸಿಕೊಂಡಿದೆ ಎಂದು ದಾವೆ ಹಾಕುತ್ತಾನೆ, ಗೆಲ್ಲುತ್ತಾನೆ. ಅವನಿಗೆ ಐನೂರು ಬೆಳ್ಳಿಯ ದಿನಾರು ಪರಿಹಾರ, ಜೊತೆಗೆ ಸರಕಾರಿ ನೌಕರಿ. ದೊರೆ ತಲೆಬಾಗಿ ತೀರ್ಪು ಒಪ್ಪುತ್ತಾನೆ. ಆಮೇಲೆ ತಿಳಿಯುತ್ತದೆ, ಆ ಬ್ರಾಹ್ಮಣ ನಿಜದಲ್ಲಿ ಅಝೀಜ್ ಎಂಬ ಅಗಸ. ಜಮೀನನ್ನು ಹೆಸರಿಗೆ ಮಾತ್ರ ಕೊಂಡು ವೇಷ ಹಾಕಿಕೊಂಡು ಬಂದವನು.

ವಿಮರ್ಶೆ ಅಝೀಜನ ವೇಷದ ವ್ಯಂಗ್ಯದ ಮೇಲೆ ಬಹಳ ಬರೆದಿದೆ. ನನ್ನ ಕಣ್ಣು ಆ ನೌಕರಿಯ ಮೇಲೆ ನಿಲ್ಲುತ್ತದೆ. ಸೋತ ಕಕ್ಷಿದಾರ ಗೆದ್ದ ಕಕ್ಷಿದಾರನಿಗೆ ಕೆಲಸ ಕೊಡುತ್ತಿದ್ದಾನೆ. ತೀರ್ಪು ಕೊಟ್ಟ ಕಾಜಿಯನ್ನು ನೇಮಿಸಿದವನೂ ಅದೇ ಸೋತ ಕಕ್ಷಿದಾರ. ಸುಲ್ತಾನ ಇಲ್ಲಿ ಪ್ರಾಮಾಣಿಕನೇ ಇರಬಹುದು. ನಾಟಕ ಅದನ್ನು ಅನುಮಾನಿಸಲು ಬಲವಂತ ಮಾಡುವುದಿಲ್ಲ. ಆದರೆ ಕಾಜಿ ಅವನ ವಿರುದ್ಧ ತೀರ್ಪು ಕೊಟ್ಟದ್ದು ಅವನ ದೊಡ್ಡತನದ ಪ್ರದರ್ಶನವಾಯಿತೇ ಹೊರತು ನ್ಯಾಯದ ವ್ಯವಸ್ಥೆಯಾಗಲಿಲ್ಲ. ದೊರೆ ಇಷ್ಟಪಟ್ಟಾಗ ಸೋಲಬಲ್ಲ ಎನ್ನುವುದು, ದೊರೆ ಸೋಲಲೇಬೇಕಾದಾಗ ಸೋಲುತ್ತಾನೆ ಎನ್ನುವುದಕ್ಕೆ ಸಮವಲ್ಲ. ಹಿತಾಸಕ್ತಿಯನ್ನು ದೊಡ್ಡತನದಿಂದ ಗೆಲ್ಲಬಹುದು ಎಂದು ನಂಬಿದ ದೊರೆಯ ಆಡಳಿತದ ಬಿರುಕಿನಲ್ಲಿ ಮೊದಲು ನುಸುಳುವವನು ಅಝೀಜ್.

ಅನಂತಮೂರ್ತಿಯವರ 'ಅವಸ್ಥೆ'ಯಲ್ಲೂ (1978) ಇದೇ ಪ್ರಶ್ನೆ ಬೇರೆ ರೂಪದಲ್ಲಿದೆ. ಹೋರಾಟದಿಂದ ಬಂದ ಕೃಷ್ಣಪ್ಪಗೌಡ ಲಂಚಕೋರನಲ್ಲ. ಕಂಟ್ರಾಕ್ಟರ್ ವೀರಣ್ಣನ ಉಪಕಾರಗಳು ಮಾತ್ರ ಒಂದರ ಹಿಂದೆ ಒಂದು ಅವನ ಬದುಕಿನೊಳಗೆ ಬಂದು ಸೇರಿಕೊಂಡಿವೆ. ಅನಾರೋಗ್ಯದಲ್ಲಿ ಮಲಗಿದವನಿಗೆ ನೆರವಾಗುವುದು ತಪ್ಪೇ? ಸ್ನೇಹ ತಪ್ಪೇ? ಕಾದಂಬರಿಯ ನೋವು ಇರುವುದು ಈ ಪ್ರಶ್ನೆಗಳಿಗೆ ಸುಲಭದ ಉತ್ತರ ಇಲ್ಲದ ಕಡೆ. ಕೃಷ್ಣಪ್ಪ ತನ್ನನ್ನು ತಾನು ಸುಟ್ಟುಕೊಂಡು ಪರೀಕ್ಷಿಸಿಕೊಳ್ಳುತ್ತಾನೆ, ಆತ್ಮಸಾಕ್ಷಿಗೆ ಉತ್ತರ ಕೊಡಲು ಹೆಣಗುತ್ತಾನೆ. ಅಷ್ಟರಮಟ್ಟಿಗೆ ಅದು ದೊಡ್ಡ ಕಾದಂಬರಿ. ನಮ್ಮ ನವ್ಯದ ಮಿತಿಯೂ ಅಲ್ಲೇ ಕಾಣುತ್ತದೆ: ಸಾರ್ವಜನಿಕ ಪ್ರಶ್ನೆಯೊಂದನ್ನು ಅದು ಆತ್ಮದ ಪ್ರಶ್ನೆಯಾಗಿ ತಿರುಗಿಸಿಕೊಂಡಿತು. ಆತ್ಮಸಾಕ್ಷಿ ತಡವಾಗಿ ಎಚ್ಚರಗೊಂಡರೆ ಊರಿನ ಗತಿ ಏನು ಎಂದು ಅದು ಹೆಚ್ಚು ಕೇಳಲಿಲ್ಲ.

ಅದನ್ನು ಕೇಳಿದ ಬರಹ ನನಗೆ ಸಿಕ್ಕಿದ್ದು ಸಾಹಿತ್ಯದ ಹೊರಗೆ. ವಾಮದಪದವಿನಿಂದ ಮೂಡುಬಿದಿರೆ ದಾಟಿ ಹೋದರೆ ಕಾರ್ಕಳ. ಆ ತಾಲೂಕಿನ ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಕೆ.ಎಸ್. ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾಗಿದ್ದಾಗ, 1969ರ ಏಪ್ರಿಲಿನಲ್ಲಿ, ಐವರ ಪೀಠದ ಪರವಾಗಿ ಒಂದು ತೀರ್ಪು ಬರೆದರು. ಕಾನೂನಿನ ವಿದ್ಯಾರ್ಥಿಗಳಿಗೆ ಅದು ಕ್ರೈಪಕ್ ಪ್ರಕರಣ. ಸಾಹಿತ್ಯದ ವಿದ್ಯಾರ್ಥಿಗಳೂ ಅದನ್ನು ಒಮ್ಮೆ ಓದಬೇಕು. ಅದರಲ್ಲಿರುವುದು ಒಂದು ಒಳ್ಳೆಯ ಸಣ್ಣಕಥೆಯ ಸಾಮಗ್ರಿ.

ಜಮ್ಮು ಕಾಶ್ಮೀರದಲ್ಲಿ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸಬೇಕಿತ್ತು. ಆಯ್ಕೆ ಮಂಡಳಿಯಲ್ಲಿ ರಾಜ್ಯದ ಪ್ರಭಾರ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೂ ಒಬ್ಬ ಸದಸ್ಯ. ಅದೇ ಆಯ್ಕೆಗೆ ಆತ ಅಭ್ಯರ್ಥಿಯೂ ಹೌದು. ಆತ ಯಾರನ್ನು ಹಿಂದಿಕ್ಕಿ ಆ ಹುದ್ದೆಗೆ ಬಂದಿದ್ದನೋ ಅಂಥವರೂ ಅಭ್ಯರ್ಥಿಗಳ ಪಟ್ಟಿಯಲ್ಲಿದ್ದರು. ತನ್ನ ಹೆಸರು ಬಂದಾಗ ಆತ ಮಂಡಳಿಯ ಕಲಾಪದಲ್ಲಿ ಕೂರಲಿಲ್ಲ. ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕೂತಿದ್ದ. ಪಟ್ಟಿ ಹೊರಬಂದಾಗ ಆತನ ಹೆಸರು ಎಲ್ಲಕ್ಕಿಂತ ಮೇಲಿತ್ತು, ಆ ಹಿರಿಯ ಪ್ರತಿಸ್ಪರ್ಧಿಗಳ ಹೆಸರೇ ಇರಲಿಲ್ಲ. ಮಂಡಳಿಯ ಉಳಿದ ಸದಸ್ಯರು, ಆತ ತಮ್ಮ ಮೇಲೆ ಯಾವ ಪ್ರಭಾವವನ್ನೂ ಬೀರಲಿಲ್ಲ ಎಂದು ಪ್ರಮಾಣ ಮಾಡಿ ಹೇಳಿದರು.

ತೀರ್ಪಿನ ಹೆಚ್ಚುಗಾರಿಕೆ ಇರುವುದು ಅದು ಕೇಳಲು ನಿರಾಕರಿಸಿದ ಪ್ರಶ್ನೆಯಲ್ಲಿ. ಆತ ನಿಜವಾಗಿ ಪಕ್ಷಪಾತ ಮಾಡಿದನೇ ಎಂದು ಅದು ಕೇಳಲಿಲ್ಲ. ಮನುಷ್ಯನ ಮನಸ್ಸಿನೊಳಗೆ ಏನಿತ್ತೆಂದು ಸಾಬೀತು ಮಾಡುವುದು ಕಷ್ಟ. ಆದ್ದರಿಂದ ಪಕ್ಷಪಾತ ಆಗಿರಬಹುದೆಂದು ನಂಬಲು ತಕ್ಕ ಕಾರಣವಿದೆಯೇ ಎಂಬುದನ್ನಷ್ಟೇ ನೋಡಬೇಕು ಎಂದಿತು. ಇನ್ನೂ ಸೂಕ್ಷ್ಮವಾದ ಮಾತೊಂದನ್ನು ಆಡಿತು: ಗುಂಪಿನಲ್ಲಿ ಕೂತು ನಿರ್ಧರಿಸುವಾಗ ಒಬ್ಬರ ಅಭಿಪ್ರಾಯ ಇನ್ನೊಬ್ಬರ ಮೇಲೆ ಕೆಲಸ ಮಾಡುವ ಬಗೆ ಬಹಳ ನವಿರು, ಪ್ರಭಾವಕ್ಕೆ ಒಳಗಾದವರಿಗೇ ಅದು ತಿಳಿಯದಿರಬಹುದು. ಆಯ್ಕೆಯನ್ನು ನ್ಯಾಯಾಲಯ ರದ್ದು ಮಾಡಿತು. ಕಾದಂಬರಿಕಾರ ಹೊಗಲು ಹಂಬಲಿಸುವ ಅಂತರಂಗದ ಬಾಗಿಲಿನ ಎದುರು ನಿಂತು ನ್ಯಾಯಮೂರ್ತಿ ಇಲ್ಲಿ, ನಾನು ಒಳಗೆ ಹೋಗುವುದಿಲ್ಲ, ಕುರ್ಚಿ ಎಲ್ಲಿದೆ ಎಂದಷ್ಟೇ ನೋಡುತ್ತೇನೆ ಎನ್ನುತ್ತಿದ್ದಾರೆ. ಬುದ್ಯಂತನ ಗುಣಕ್ಕಿಂತ ಗದ್ದೆಯನ್ನು ಮುಂದಿಟ್ಟ ಪಾಡ್ದನಕ್ಕೂ ಈ ತೀರ್ಪಿಗೂ ಇರುವ ನಂಟು ನನಗೆ ಆಕಸ್ಮಿಕವೆಂದು ತೋರಿದರೂ ಆಪ್ತವಾಗಿದೆ.

ಈ ತಿಳಿವು ನಮ್ಮ ರಾಜಕಾರಣಕ್ಕೆ ಇಳಿಯಲಿಲ್ಲ. ಅದೇ ಹೆಗ್ಡೆಯವರ ಮಗ ಸಂತೋಷ್ ಹೆಗ್ಡೆಯವರು ಲೋಕಾಯುಕ್ತರಾಗಿ 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಆ ಕಾಲದ ಸಂಪುಟವನ್ನು ನೆನಪಿಸಿಕೊಳ್ಳಿ. 2008ರಲ್ಲಿ ರಚನೆಯಾದ ಸರಕಾರದಲ್ಲಿ ಬಳ್ಳಾರಿಯ ಗಣಿ ಉದ್ಯಮಿ ಕುಟುಂಬದ ಇಬ್ಬರು ಸಹೋದರರು ಮಂತ್ರಿಗಳಾಗಿದ್ದರು. ಒಬ್ಬರಿಗೆ ಪ್ರವಾಸೋದ್ಯಮ, ಇನ್ನೊಬ್ಬರಿಗೆ ಕಂದಾಯ. ಗಣಿಯ ಗಡಿ ಎಲ್ಲಿ ಎಂಬ ವಿವಾದದಲ್ಲಿ ಭೂಮಿಯ ದಾಖಲೆಗೆ ಎಷ್ಟು ಬೆಲೆ ಎಂಬುದನ್ನು ಹೇಳಬೇಕಾಗಿಲ್ಲ. ಅಕ್ರಮ ನಡೆಯಿತೇ ಇಲ್ಲವೇ ಎಂಬ ಪ್ರಶ್ನೆಯನ್ನು ತನಿಖಾ ಸಂಸ್ಥೆಗಳೂ ನ್ಯಾಯಾಲಯಗಳೂ ವರ್ಷಗಟ್ಟಲೆ ವಿಚಾರಿಸಿದವು. ಹೀಗೆ ಖಾತೆ ಹಂಚಬಹುದೇ ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಬಹುದಿತ್ತು. ಅದನ್ನು ಕೇಳಲೇಬೇಕಾದ ಸ್ಥಳ ಎಂಬುದೊಂದು ಇರಲಿಲ್ಲ.

ಅದೇ ವರದಿಯಲ್ಲಿ ಬಂದ ಇನ್ನೊಂದು ಸಂಗತಿ, ಗಣಿ ಕಂಪನಿಯೊಂದು ಮುಖ್ಯಮಂತ್ರಿ ಯಡಿಯೂರಪ್ಪನವರ ಕುಟುಂಬದವರು ನಡೆಸುವ ಟ್ರಸ್ಟಿಗೆ ಕೊಟ್ಟ 10 ಕೋಟಿ ರೂಪಾಯಿ ದೇಣಿಗೆ ಮತ್ತು ಕುಟುಂಬದವರಿಂದ 20 ಕೋಟಿಗೆ ಕೊಂಡ ಭೂಮಿ. ಯಡಿಯೂರಪ್ಪನವರು ರಾಜೀನಾಮೆ ಕೊಟ್ಟರು. 2016ರ ಅಕ್ಟೋಬರಿನಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಖುಲಾಸೆ ಮಾಡಿತು. 2024ರಲ್ಲಿ ಮೈಸೂರಿನ ಮುಡಾ ಪ್ರಕರಣ. ಸಿದ್ದರಾಮಯ್ಯನವರ ಪತ್ನಿಗೆ ಭೂಮಿಯ ಬದಲಿಗೆ ಸಿಕ್ಕ 14 ನಿವೇಶನಗಳು ಹಂಚಿಕೆಯಾದದ್ದು ವಿರೋಧಪಕ್ಷದ ಸರಕಾರವಿದ್ದಾಗ. ಸೆಪ್ಟೆಂಬರ್ 24ರಂದು ಹೈಕೋರ್ಟು ತನಿಖೆಗೆ ರಾಜ್ಯಪಾಲರು ಕೊಟ್ಟ ಅನುಮತಿಯನ್ನು ಎತ್ತಿಹಿಡಿಯಿತು. ಆ ಬಳಿಕ ನಿವೇಶನಗಳನ್ನು ಹಿಂದಿರುಗಿಸಿದರು. 2025ರ ಫೆಬ್ರವರಿಯಲ್ಲಿ ಲೋಕಾಯುಕ್ತ ಪೊಲೀಸರು ಸಾಕ್ಷ್ಯವಿಲ್ಲವೆಂದು ವರದಿ ಸಲ್ಲಿಸಿದರು. ಎರಡು ಪಕ್ಷ, ಎರಡು ಕಾಲ. ಖುಲಾಸೆಯನ್ನೂ ತನಿಖೆಯ ಫಲಿತಾಂಶವನ್ನೂ ನಾನು ಗೌರವಿಸುತ್ತೇನೆ. ನನ್ನ ಮಾತು ಬೇರೆ. ಕ್ರಿಮಿನಲ್ ನ್ಯಾಯಾಲಯ ಕೇಳುವುದು 'ಅಪರಾಧ ಸಾಬೀತಾಯಿತೇ' ಎಂದು. ಅದು ಕೇಳಬೇಕಾದದ್ದೂ ಅಷ್ಟೇ. 'ಕುಟುಂಬಕ್ಕೆ ಲಾಭವಾಗುವ ವ್ಯವಹಾರ ಸರಕಾರದೊಂದಿಗೋ ಸರಕಾರದಿಂದ ಅನುಮತಿ ಬೇಕಾದವರೊಂದಿಗೋ ನಡೆಯುವಾಗ ಅಧಿಕಾರಸ್ಥ ಅದನ್ನು ಯಾರಿಗೆ, ಯಾವಾಗ ತಿಳಿಸಬೇಕು' ಎಂಬ ಪ್ರಶ್ನೆಯನ್ನು ಕೇಳುವವರು ಯಾರೂ ಇಲ್ಲದ್ದರಿಂದ ಎಲ್ಲವೂ ಅಪರಾಧವಾಗಿ ಮಾತ್ರ ಚರ್ಚೆಗೆ ಬರುತ್ತದೆ. ಒಂದು ಪಕ್ಷದವರು 'ಕಳ್ಳ' ಎನ್ನುತ್ತಾರೆ, ಇನ್ನೊಂದು ಪಕ್ಷದವರು 'ಸಾಬೀತಾಗಿಲ್ಲ' ಎನ್ನುತ್ತಾರೆ. ನಡುವಿನ ದೊಡ್ಡ ಬಯಲು ಹಾಗೆಯೇ ಬೀಳುಬಿದ್ದಿದೆ.

ಕಾನೂನು ಏನೂ ಹೇಳಿಲ್ಲವೆಂದಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 9ಎ ಕಲಂ, ಸರಕಾರಕ್ಕೆ ಸರಕು ಒದಗಿಸುವ ಅಥವಾ ಕಾಮಗಾರಿ ಮಾಡುವ ಗುತ್ತಿಗೆ ಇರುವವರನ್ನು ಅನರ್ಹಗೊಳಿಸುತ್ತದೆ. ಗಣಿ ಗುತ್ತಿಗೆ ಅದರ ವ್ಯಾಪ್ತಿಗೆ ಬರುವುದಿಲ್ಲ ಎಂದು 1960ರ ದಶಕದಲ್ಲೇ ಸುಪ್ರೀಂ ಕೋರ್ಟು ಹೇಳಿಯಾಗಿದೆ. ರಾಜ್ಯಸಭೆಯಲ್ಲಿ ಸದಸ್ಯರ ಹಿತಾಸಕ್ತಿಗಳ ದಾಖಲೆ ಪುಸ್ತಕ ಇದೆ: ಸಂಭಾವನೆಯ ನಿರ್ದೇಶಕತ್ವ, ನಿಯಮಿತ ಸಂಭಾವನೆಯ ಕೆಲಸ, ನಿಯಂತ್ರಣದ ಮಟ್ಟದ ಷೇರು, ಹಣ ಪಡೆಯುವ ಸಲಹೆಗಾರಿಕೆ, ವೃತ್ತಿ, ಹೀಗೆ ಐದು ತಲೆಬರಹ. ಕೆಳಗಿನ ತುದಿಯಲ್ಲಿ, 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 12ನೆಯ ಪ್ರಕರಣ ಗ್ರಾಮ ಪಂಚಾಯತಿನ ಕಾಮಗಾರಿಯಲ್ಲೋ ಗುತ್ತಿಗೆಯಲ್ಲೋ ನೇರವಾಗಿ ಅಥವಾ ಪರೋಕ್ಷವಾಗಿ ಪಾಲು ಇರುವವರನ್ನು ಸದಸ್ಯತ್ವಕ್ಕೆ ಅನರ್ಹರೆನ್ನುತ್ತದೆ. 'ಪರೋಕ್ಷವಾಗಿ' ಎಂಬ ಆ ಒಂದು ಪದದ ಮೇಲೆ ಎಲ್ಲ ಭಾರ ಬಿದ್ದಿದೆ.

ವಾಮದಪದವಿನಂಥ ಊರಿನಲ್ಲಿ ಆ ಪದವನ್ನು ಅರ್ಥ ಮಾಡಿಕೊಳ್ಳುವುದು ಹೇಗೆ? ಇಲ್ಲಿ ಎಲ್ಲರೂ ಒಂದಲ್ಲ ಒಂದು ಕಡೆಯಿಂದ ಎಲ್ಲರಿಗೂ ನೆಂಟರು ಅಥವಾ ನೆರೆಯವರು. ಚುನಾವಣೆಯ ಅಫಿಡವಿಟ್ಟಿನಲ್ಲಿ ಅಭ್ಯರ್ಥಿ ತನ್ನ, ಸಂಗಾತಿಯ, ಅವಲಂಬಿತರ ಆಸ್ತಿ ಬರೆಯುತ್ತಾರೆ. ಅಳಿಯಕಟ್ಟಿನ ನೆನಪು ಇನ್ನೂ ಮಾಸದ ಈ ನಾಡಿನಲ್ಲಿ ಸೋದರಮಾವನಿಗೂ ಅಳಿಯನಿಗೂ ಇರುವ ಸಂಬಂಧ ಆ ಯಾವ ಕಾಲಮ್ಮಿಗೂ ಬರುವುದಿಲ್ಲ. ಹೋಗಲಿ, ನೆಂಟಸ್ತಿಕೆಯನ್ನೆಲ್ಲ ನಿಷೇಧಿಸುತ್ತೇವೆಂದು ಹೊರಟರೆ ಪಂಚಾಯತಿನಲ್ಲಿ ಕೂರಲು ಜನವೇ ಸಿಗುವುದಿಲ್ಲ. ತೋಡಿಗೆ ಕಿಂಡಿ ಅಣೆಕಟ್ಟು ಕಟ್ಟಬೇಕೆಂಬ ನಿರ್ಣಯಕ್ಕೆ ಕೈ ಎತ್ತುವ ಸದಸ್ಯನ ಕಂಗಿನ ತೋಟ ಅದೇ ತೋಡಿನ ಬದಿಯಲ್ಲಿರಬಹುದು; ಇಡೀ ಬೈಲಿಗೆ ನೀರು ಬಂದರೆ ಅವನಿಗೂ ಬರುತ್ತದೆ, ಅದರಲ್ಲಿ ತಪ್ಪೇನಿಲ್ಲ. ಆದರೆ ಅಣೆಕಟ್ಟನ್ನು ಮೇಲೆ ಕಟ್ಟುವುದೋ ಕೆಳಗೆ ಕಟ್ಟುವುದೋ ಎಂಬಲ್ಲಿ ಅವನ ತೋಟಕ್ಕೆ ಮಾತ್ರ ಲಾಭವಾಗುವ ಆಯ್ಕೆ ಎದುರಾದರೆ, ಆ ಚರ್ಚೆಯ ಹೊತ್ತು ಅವನು ಹೊರಗಿರಬೇಕು. ಎಲ್ಲರ ಜೊತೆಗೆ ಸಿಗುವ ಪಾಲು ಬೇರೆ, ಒಬ್ಬನಿಗೇ ಸಿಗುವ ಪಾಲು ಬೇರೆ. ವ್ಯಾಖ್ಯಾನ ಶುರುವಾಗಬೇಕಾದದ್ದು ಈ ಗೆರೆಯಿಂದ.

ಹೀಗೆ ನೋಡಿದರೆ ನಿಯಂತ್ರಣ ಎಂಬುದು ಭಾರೀ ಯಂತ್ರವೇನಲ್ಲ. ಮೊದಲು ಹೇಳುವುದು, ಆಮೇಲೆ ಎದ್ದು ಹೋಗುವುದು, ಎದ್ದು ಹೋದದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯುವುದು. ಕ್ರೈಪಕ್ ತೀರ್ಪಿನ ಪಾಠವನ್ನು ಇದಕ್ಕೆ ಸೇರಿಸಬೇಕು: ತನ್ನ ಹೆಸರು ಬಂದಾಗ ಮಾತ್ರ ಎದ್ದು ಹೋದರೆ ಸಾಲದು, ತನ್ನ ಎದುರಾಳಿಯ ಹೆಸರು ಬಂದಾಗಲೂ ಹೋಗಬೇಕು. ಇಷ್ಟು ಮಾಡಿದವನನ್ನು ಯಾರೂ ಕಳ್ಳನೆನ್ನಬೇಕಾಗಿಲ್ಲ. ನಮ್ಮಲ್ಲಿ ಇದು ಬೆಳೆಯದಿರುವುದಕ್ಕೆ ದೊಡ್ಡ ಕಾರಣ, ಹೀಗೆ ಕೇಳಿದರೆ ಅದು ಅವಮಾನ ಎಂಬ ಭಾವನೆ. 'ನನ್ನ ಮೇಲೆ ನಂಬಿಕೆ ಇಲ್ಲವಾ?' ಎಂಬ ಒಂದು ಮಾತು ಎಷ್ಟು ಸಭೆಗಳ ಬಾಯಿ ಮುಚ್ಚಿಸಿಲ್ಲ! ನಂಬಿಕೆ ಇದ್ದರೂ ಹೊರಗೆ ಹೋಗಬೇಕು ಎಂಬುದು ರೂಢಿಯಾದ ದಿನ ಆ ಮಾತಿಗೆ ಶಕ್ತಿ ಇರುವುದಿಲ್ಲ.

ಕೊನೆಗೆ ನಮ್ಮ ಗದ್ದೆಯ ಮಾತು. ಅಕಾಡೆಮಿ, ಪ್ರಾಧಿಕಾರ, ಪಠ್ಯಪುಸ್ತಕ ಸಮಿತಿ, ಗ್ರಂಥಾಲಯಕ್ಕೆ ಪುಸ್ತಕ ಆರಿಸುವ ಸಮಿತಿ, ಇವೆಲ್ಲ ಸಾರ್ವಜನಿಕ ಹುದ್ದೆಗಳೇ. ಅಲ್ಲಿ ಖರ್ಚಾಗುವುದು ಜನರ ಹಣವೇ. ಕನ್ನಡದ ಸಾಹಿತ್ಯಲೋಕ ದೊಡ್ಡ ಹೆಸರಿನ ಸಣ್ಣ ಊರು. ಮುನ್ನುಡಿ ಬರೆದವರು ವಿಮರ್ಶೆ ಬರೆಯುತ್ತಾರೆ, ವಿಮರ್ಶೆ ಬರೆದವರು ಬಹುಮಾನದ ತೀರ್ಪುಗಾರರಾಗುತ್ತಾರೆ, ತೀರ್ಪುಗಾರರ ಪುಸ್ತಕ ಮುಂದಿನ ವರ್ಷ ಬಹುಮಾನ ಪಡೆದವರ ಪ್ರಕಾಶನದಿಂದ ಬರುತ್ತದೆ. ಇದರಲ್ಲಿ ಪ್ರತಿಯೊಬ್ಬರೂ ಪ್ರಾಮಾಣಿಕರಾಗಿರಬಹುದು. ಪುಸ್ತಕ ನಿಜವಾಗಿ ಚೆನ್ನಾಗಿಯೂ ಇರಬಹುದು. ಅದರಿಂದ ಯಾರಿಗೆ ನಷ್ಟ ಎಂದರೆ, ಯಾರ ಪರಿಚಯವೂ ಇಲ್ಲದೆ ತನ್ನ ಮೊದಲ ಕಥಾಸಂಕಲನವನ್ನು ಅಂಚೆಯಲ್ಲಿ ಕಳಿಸಿದ ಹುಡುಗಿಗೆ. ತನ್ನ ಪುಸ್ತಕ ಚೆನ್ನಾಗಿಲ್ಲದ್ದಕ್ಕೆ ಸೋತಿತೋ, ತಾನು ಕಟ್ಟಹುಣಿಯ ಆಚೆಯವಳಾದದ್ದಕ್ಕೆ ಸೋತಿತೋ ಎಂದು ಆಕೆಗೆ ಎಂದಿಗೂ ತಿಳಿಯುವುದಿಲ್ಲ. ಸೋಲನ್ನು ನಂಬಲು ಸಾಧ್ಯವಾಗದ ಕಡೆ ಗೆಲುವಿಗೂ ಬೆಲೆ ಇರುವುದಿಲ್ಲ. ಹಾಗಾಗಿ ಗೆದ್ದವರಿಗೂ ಇದರಲ್ಲಿ ನಷ್ಟವೇ.

ಅಧಿಕಾರಸ್ಥರನ್ನು ಕಟುವಾಗಿ ಟೀಕಿಸುವ ನಾವು ಮೊದಲು ಮಾಡಬಹುದಾದದ್ದು ಒಂದಿದೆ. ವಿಮರ್ಶೆಯ ಕೊನೆಗೆ ಒಂದು ಸಾಲು: ಲೇಖಕರು ನನ್ನ ಗೆಳೆಯರು, ಅಥವಾ ಈ ಪ್ರಕಾಶಕರು ನನ್ನ ಪುಸ್ತಕವನ್ನೂ ತಂದಿದ್ದಾರೆ. ಬಹುಮಾನದ ಪ್ರಕಟಣೆಯ ಜೊತೆಗೆ ಇನ್ನೊಂದು ಸಾಲು: ಇಂಥ ಪುಸ್ತಕದ ಚರ್ಚೆಯಲ್ಲಿ ಇಂಥ ತೀರ್ಪುಗಾರರು ಭಾಗವಹಿಸಲಿಲ್ಲ. ಓದುಗರು ಅದನ್ನು ಓದಿ ಪುಸ್ತಕವನ್ನು ಕೆಳಗಿಡುವುದಿಲ್ಲ. ನಮ್ಮ ಮಾತಿಗೆ ಎಷ್ಟು ತೂಕ ಕೊಡಬೇಕೆಂದು ಅವರೇ ಅಳೆದುಕೊಳ್ಳುತ್ತಾರೆ. ಬಲ್ಲಾಳನ ಬೀಡಿನಲ್ಲಿ ಇಂಥ ಒಂದು ಸಾಲನ್ನು ಬರೆದಿಡುವ ರೂಢಿ ಇದ್ದಿದ್ದರೆ ನಮಗೆ ಅಷ್ಟು ಒಳ್ಳೆಯ ಪಾಡ್ದನ ಸಿಗುತ್ತಿರಲಿಲ್ಲವೇನೋ. ಆದರೆ ಇಬ್ಬರು ಹುಡುಗರು ಮತ್ತು ಒಬ್ಬ ಬುದ್ಯಂತ ಬದುಕಿ ಉಳಿಯುತ್ತಿದ್ದರು.